ಲಿಸ್ಟಿನಲ್ಲಿಲ್ಲದ ಮ್ಯಾಚು

ಒಂದು ವಾಕ್ಯಕ್ಕಾಗಿ ನಾನು ಒಂದು ವಾರ ಜಗಳವಾಡಿ ಗೆದ್ದಿದ್ದೇನೆ. ಗೆದ್ದೆ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿರುವ ತಾಳ್ಮೆ ನನಗಿಲ್ಲ. ಹದಿನಾರು ವರ್ಷದಿಂದ ಸ್ವೀಡನ್ನಿನಲ್ಲಿದ್ದೂ ನಾನು ಕಲಿಯದೆ ಉಳಿದ ಗುಣಗಳಲ್ಲಿ ಇದೂ ಒಂದು. ಇಲ್ಲಿನವರು ಪದಕ ಗೆದ್ದು ಬಂದರೂ, ಹೇಗಾಯಿತು ಎಂದು ಕೇಳಿದರೆ, ‘ಪರವಾಗಿಲ್ಲ, ಚೆನ್ನಾಗಿಯೇ ಹೋಯಿತು’ ಎಂದು ಕಾಫಿ ಬಗ್ಗಿಸಿಕೊಳ್ಳುತ್ತಾರೆ. ನಾನು ದಾವಣಗೆರೆಯವಳು. ಗೆದ್ದರೆ ಬೀದಿಗೆಲ್ಲ ಕೇಳಬೇಕು.

ನಾನು ಈ ದೇಶಕ್ಕೆ ಬಂದದ್ದು ಮರದ ನಾರಿನ ಮೇಲೆ ಸಂಶೋಧನೆ ಮಾಡಲು. ಡಾಕ್ಟರೇಟ್ ಮುಗಿದ ಮೇಲೆ ಅದೇ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು, ರಾಜಧಾನಿಯ ಪಕ್ಕದ ಸುಂಡ್‌ಬೀಬರ್ಯ್‌ನಲ್ಲಿ ಬಾಡಿಗೆ ಮನೆ ಸಿಕ್ಕಿತು. ಅದಕ್ಕೂ ಮುಂಚೆ, ಬಂದ ಎರಡನೆಯ ವಾರದಲ್ಲೇ, ವಿಶ್ವವಿದ್ಯಾಲಯದ ವಾಲಿಬಾಲ್ ಕ್ಲಬ್ಬು ಸಿಕ್ಕಿತ್ತು. ಊರಿನಲ್ಲಿ ನಾನು ಲಿಫ್ಟರ್ ಆಗಿದ್ದೆ. ಅಂದರೆ ಸ್ಮ್ಯಾಷ್ ಹೊಡೆಯುವವಳಿಗೆ ಬಾಲನ್ನು ಹದವಾಗಿ ಎತ್ತಿಕೊಡುವವಳು. ಹೊಡೆದವಳಿಗೆ ಚಪ್ಪಾಳೆ, ಎತ್ತಿಕೊಟ್ಟವಳಿಗೆ ಬೆರಳು ನೋವು. ಇಲ್ಲೂ ಏಳೆಂಟು ವರ್ಷ ಆಡಿದೆ. ಮಂಡಿ ಇನ್ನು ಸಾಕು ಎಂದಾಗ ಹೆಂಗಸರ ಟೀಮಿನ ಕೋಚ್ ಆದೆ.

ನಮ್ಮದು ಪುಟ್ಟ ಲೀಗ್. ಎಂಟು ಊರುಗಳ ಎಂಟು ವಿಶ್ವವಿದ್ಯಾಲಯಗಳು, ಒಂದೊಂದಕ್ಕೂ ಒಂದು ಗಂಡಸರ ಟೀಮು, ಒಂದು ಹೆಂಗಸರ ಟೀಮು. ಆಡುವವರು ವಿದ್ಯಾರ್ಥಿಗಳು, ಸಂಶೋಧಕರು. ನೋಡುವವರು ಆಡುವವರ ರೂಮ್‌ಮೇಟುಗಳು. ಈ ದೇಶದಲ್ಲಿ ಟೀವಿ ಎಂದರೆ ಐಸ್ ಹಾಕಿ, ಫುಟ್ಬಾಲ್, ಸ್ಕೀಯಿಂಗ್. ನಮ್ಮ ಕಡೆಗೆ ಯಾವ ಕ್ಯಾಮೆರಾವೂ ತಲೆ ಹಾಕಿಯೂ ಮಲಗಿರಲಿಲ್ಲ.

ಹಾಗಾಗಿ ನಾವೇ ಫೋನಿನಲ್ಲಿ ತೋರಿಸುತ್ತಿದ್ದೆವು. ಇಲ್ಲಿನ ಜಿಮ್ ಹಾಲುಗಳ ಗೋಡೆಗೆ ಮರದ ಏಣಿಗಳನ್ನು ಜೋಡಿಸಿರುತ್ತಾರೆ, ವ್ಯಾಯಾಮಕ್ಕೆ. ಅದರ ಮೇಲಿನ ಮೆಟ್ಟಿಲಿಗೆ ನನ್ನ ಹಳೇ ಫೋನನ್ನು ಬೆರಳಿಗೆ ಸುತ್ತುವ ಟೇಪಿನಲ್ಲಿ ಬಿಗಿದು, ಇಂಟರ್‌ನೆಟ್ಟಿನಲ್ಲಿ ನೇರ ಪ್ರಸಾರ ಮಾಡುತ್ತಿದ್ದೆವು. ನೋಡುತ್ತಿದ್ದವರು ನಲವತ್ತೋ ಐವತ್ತೋ ಜನ. ಆದರೆ ಆ ನಲವತ್ತು ಜನ ಯಾರು ಎಂದು ಕೇಳಬೇಕು. ಒಬ್ಬಳ ಅಪ್ಪ ಇರಾನಿನಲ್ಲಿ, ಒಬ್ಬಳ ಅಜ್ಜಿ ಸ್ಪೇನಿನಲ್ಲಿ, ನಮ್ಮ ಕ್ಯಾಪ್ಟನ್ನಿನ ಅಮ್ಮ ಮಂಡ್ಯದಲ್ಲಿ. ಕ್ಯಾಪ್ಟನ್ ಬ್ಯಾಟರಿಗಳ ಮೇಲೆ ಡಾಕ್ಟರೇಟ್ ಮಾಡುತ್ತಿದ್ದ ಹುಡುಗಿ, ನನ್ನನ್ನು ‘ಅಕ್ಕ’ ಎನ್ನುತ್ತಿದ್ದಳು. ಮೊದಮೊದಲು ನಾನು ಇಂಗ್ಲಿಷಿನಲ್ಲಿ ಕಾಮೆಂಟರಿ ಕೊಡುತ್ತಿದ್ದೆ. ಒಂದು ದಿನ ಅವಳು ಬಂದು, “ಅಕ್ಕ, ಅಮ್ಮಂಗೆ ಸ್ಕೋರೇ ಗೊತ್ತಾಗ್ತಿಲ್ವಂತೆ. ಒಂಚೂರು ಕನ್ನಡದಲ್ಲಿ ಹೇಳಿ ಪ್ಲೀಸ್” ಎಂದಳು. ಒಂಚೂರು ಎಂದು ಶುರುವಾದದ್ದು ಪೂರ್ತಿ ಕನ್ನಡವೇ ಆಯಿತು. ‘ಎತ್ತಿದಳು ನೋಡಿ, ಹೂವಿನ ಹಾಗೆ ಎತ್ತಿದಳು, ಹೊಡಿ, ಹೊಡಿ, ಅಯ್ಯೋ ಕೈಯೆಲ್ಲಿಟ್ಟಿದ್ದೀಯ ತಾಯಿ!’ ಇರಾನಿನ ಅಪ್ಪನಿಗೆ ಒಂದಕ್ಷರ ಅರ್ಥವಾಗುತ್ತಿರಲಿಲ್ಲ, ಆದರೆ ಮಗಳ ಟೀಮು ಗೆಲ್ಲುತ್ತಿದೆಯೋ ಸೋಲುತ್ತಿದೆಯೋ ನನ್ನ ದನಿಯಲ್ಲೇ ಗೊತ್ತಾಗುತ್ತದೆ ಎಂದು ಹೇಳಿ ಕಳಿಸಿದ್ದರು.

ಇಷ್ಟೆಲ್ಲ ಯಾಕೆ ಒದ್ದಾಡುತ್ತೀಯ, ನಲವತ್ತು ಜನಕ್ಕೆ, ಎಂದು ನನ್ನ ಗಂಡ ರೇಗಿಸುತ್ತಿದ್ದ. ಕಾರಣ ಅವನಿಗೂ ಗೊತ್ತಿತ್ತು.

ಕಾಲೇಜಿನ ಕೊನೆಯ ವರ್ಷ ನಾವು ವಿಶ್ವವಿದ್ಯಾಲಯ ಮಟ್ಟದ ಫೈನಲ್ ತಲುಪಿದ್ದೆವು. ಹೆಂಗಸರ ಫೈನಲ್ಲು ಮಟಮಟ ಮಧ್ಯಾಹ್ನಕ್ಕೆ, ಗಂಡಸರದು ತಂಪು ಹೊತ್ತಿಗೆ. ಯಾಕೆಂದರೆ ಗಂಡಸರ ಮ್ಯಾಚನ್ನು ಊರಿನ ಕೇಬಲ್ ಟೀವಿಯವರು ತೋರಿಸುವವರಿದ್ದರು. ಕ್ಯಾಮೆರಾದವರು ಬೇಗ ಬಂದಿದ್ದರು. ನಾವು ಆಡುತ್ತಿದ್ದ ಮಣ್ಣಿನ ಕೋರ್ಟಿನ ಪಕ್ಕದಲ್ಲೇ ಹೊಂಗೆ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು, ಕ್ಯಾಮೆರಾಗೆ ಟವೆಲ್ ಹೊದಿಸಿ, ಕಬ್ಬಿನ ಹಾಲು ಕುಡಿಯುತ್ತಿದ್ದರು. ನಾವು ಐದು ಸೆಟ್ ಆಡಿದೆವು. ಬರಿಗಾಲಲ್ಲಿ ಆಡಿದವರ ಅಂಗಾಲು ಬೊಬ್ಬೆ ಎದ್ದಿತ್ತು. ನಾಲ್ಕನೆಯ ಸೆಟ್ಟಿನ ಹೊತ್ತಿಗೆ ನಾನು ಓಡಿಹೋಗಿ ಕೇಳಿದೆ, ಕೊನೇ ಸೆಟ್ಟಾದರೂ ತೆಗೀರಿ ಸಾರ್, ಒಂದೇ ಒಂದು ಸೆಟ್ಟು, ಎಂದು. ಆ ಮನುಷ್ಯ ಕೆಟ್ಟವನೇನಲ್ಲ. ಜೇಬಿನಿಂದ ಚೀಟಿ ತೆಗೆದು ನೋಡಿ, “ಹುಡುಗೀರ್ ಮ್ಯಾಚು ಲಿಸ್ಟಲ್ಲಿಲ್ಲಮ್ಮ” ಎಂದ. ನಾವು ಗೆದ್ದೆವು. ಒಂದು ಫೋಟೋ ಇಲ್ಲ. ಮರುದಿನದ ಪೇಪರಿನಲ್ಲಿ ಗಂಡಸರ ಫೈನಲ್ಲು ಬಂತು, ಸೋತ ಟೀಮಿನವರ ಹೆಸರುಗಳ ಸಮೇತ. ನನ್ನ ಜೀವಮಾನದ ಅತ್ಯುತ್ತಮ ಆಟವನ್ನು ನೋಡಿದವರು ಹನ್ನೆರಡು ಆಟಗಾರ್ತಿಯರು, ಒಬ್ಬ ಅಂಪೈರು ಮತ್ತು ಕಬ್ಬಿನ ಹಾಲಿನವನು. ಇದನ್ನು ನಾನು ಮರೆತಿಲ್ಲ, ಕ್ಷಮಿಸಿಯೂ ಇಲ್ಲ.

ಎರಡು ವರ್ಷದ ಹಿಂದೆ, ಬೇಸಿಗೆ ಮುಗಿಯುವ ಹೊತ್ತಿಗೆ, ನಮ್ಮ ಲೀಗಿನ ಅಧ್ಯಕ್ಷರಿಂದ ಒಂದು ಮೇಲ್ ಬಂತು. ಅಧ್ಯಕ್ಷ ಎಂದರೆ ತೆಳ್ಳಗೆ ಎತ್ತರದ, ದನಿ ಏರಿಸುವುದನ್ನೇ ಅರಿಯದ ಅರ್ಥಶಾಸ್ತ್ರದ ಮೇಷ್ಟ್ರು. ಒಂದು ಇಂಟರ್‌ನೆಟ್ ಟೀವಿ ಕಂಪನಿಯವರು ಸಣ್ಣ ಲೀಗುಗಳನ್ನು ಹುಡುಕುತ್ತಿದ್ದಾರೆ, ನಮ್ಮ ಪ್ರಸಾರದ ಹಕ್ಕನ್ನು ಮೂರು ಸೀಸನ್ನಿಗೆ ಕೇಳಿದ್ದಾರೆ, ಕ್ಯಾಮೆರಾ, ಸಿಬ್ಬಂದಿ ಎಲ್ಲ ಅವರದೇ, ಚರ್ಚಿಸಲು ವಿಶೇಷ ಸಭೆ, ಎಂದು ಬರೆದಿದ್ದರು. ಜೊತೆಗೆ ಹದಿನಾಲ್ಕು ಪುಟದ ಕರಾರು ಪತ್ರ. ನಾನು ಓದಿದೆ. ಓದುವುದು ನನ್ನ ಕಸುಬು, ನನ್ನ ಜಂಬ ಕೂಡ. ಮನೆ ಬಾಡಿಗೆಯ ಪತ್ರವನ್ನು ಮೂರು ದಿನ ಇಟ್ಟುಕೊಂಡು ಓದಿದವಳು ನಾನು.

ಆರನೆಯ ಪುಟದಲ್ಲಿ ಕಲ್ಲು ಸಿಕ್ಕಿತು. ವಾರಕ್ಕೆ ಎರಡು ಮ್ಯಾಚು ತೋರಿಸುತ್ತಾರೆ. ಯಾವ ಎರಡು ಎನ್ನುವುದು ಕಂಪನಿಯ ಇಷ್ಟ. ಉಳಿದ ಮ್ಯಾಚುಗಳನ್ನು ಬೇರೆ ಯಾರೂ, ಯಾವ ರೀತಿಯಲ್ಲೂ, ತೋರಿಸುವಂತಿಲ್ಲ. ಅಂದರೆ ಅವರು ಗಂಡಸರ ಮ್ಯಾಚುಗಳನ್ನೇ ಆರಿಸಿಕೊಂಡರೆ ನಮ್ಮ ಹುಡುಗಿಯರು ಮೂರು ವರ್ಷ ಯಾರ ಕಣ್ಣಿಗೂ ಬೀಳುವುದಿಲ್ಲ. ಏಣಿಗೆ ಕಟ್ಟಿದ ಫೋನೂ ಅಪರಾಧ. ಮಂಡ್ಯದ ಅಮ್ಮ, ಸ್ಪೇನಿನ ಅಜ್ಜಿ, ಇರಾನಿನ ಅಪ್ಪ ಎಲ್ಲರಿಗೂ ಟವೆಲ್ ಹೊದಿಸಿದ ಹಾಗೆ.

ಸಭೆ ಒಂದು ಶನಿವಾರ, ಫೀಕಾದೊಂದಿಗೆ ಶುರುವಾಯಿತು. ಕಾಫಿ, ಏಲಕ್ಕಿ ಬನ್ನು ಮುಗಿಯದೆ ಇಲ್ಲಿ ಯಾವ ಸಭೆಯೂ ಕಣ್ಣು ಬಿಡುವುದಿಲ್ಲ. ಆಮೇಲೆ ಈ ದೇಶದ ಸಂಘಗಳ ಒಂದು ಶಾಸ್ತ್ರವಿದೆ. ಮೊದಲು ಸಭೆಗೆ ಒಬ್ಬ ಅಧ್ಯಕ್ಷರನ್ನು ಆರಿಸಬೇಕು, ಕಾರ್ಯದರ್ಶಿಯನ್ನು ಆರಿಸಬೇಕು, ಆಮೇಲೆ ಇಬ್ಬರು ‘ಯುಸ್ಟೆರಾರೆ’ಗಳನ್ನು ಆರಿಸಬೇಕು. ಕಾರ್ಯದರ್ಶಿ ಬರೆದ ನಡಾವಳಿಗೆ ಆಮೇಲೆ ಸಹಿ ಹಾಕುವವರು ಇವರು. ‘ಯಾರು ಆಗುತ್ತೀರಿ?’ ಎಂದು ಅಧ್ಯಕ್ಷರು ಕೇಳಿದರು. ಎಲ್ಲರೂ ತಮ್ಮ ತಮ್ಮ ಕಾಫಿ ಕಪ್ಪಿನೊಳಗೆ ನೋಡಿದರು. ಕೊನೆಗೆ ಉತ್ತರದ ಊರಿನ ಗಂಡಸರ ಟೀಮಿನ ಕೋಚ್ ಒಂದು ಬೆರಳೆತ್ತಿದರು. ನಿವೃತ್ತಿಯ ಅಂಚಿನಲ್ಲಿದ್ದ, ಚೌಕಳಿ ಅಂಗಿಯ ಮನುಷ್ಯ, ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಇನ್ನೊಬ್ಬರು? ಮತ್ತೆ ಎಲ್ಲರ ಕಣ್ಣೂ ಕಪ್ಪಿನೊಳಗೆ. ಮದುವೆ ಮನೆಯಲ್ಲಿ ಬಡಿಸುವವರಿಲ್ಲ ಎಂದರೆ ನಾವು ಸೆರಗು ಸಿಕ್ಕಿಸಿಕೊಂಡು ಏಳುವುದಿಲ್ಲವೆ, ಹಾಗೆ ನಾನು ಕೈ ಎತ್ತಿದೆ. ಎಲ್ಲರ ಮುಖದಲ್ಲೂ ನೆಮ್ಮದಿ.

ಆಮೇಲೆ ನಾನು ಮಾತಾಡಿದೆ. ನನ್ನ ಸ್ವೀಡಿಷ್ ಲ್ಯಾಬಿನಲ್ಲಿ ಕಲಿತದ್ದು, ಸಿಟ್ಟು ಬಂದರೆ ಇನ್ನೂ ಚೆನ್ನಾಗಿ ಬರುತ್ತದೆ. ಆರನೆಯ ಪುಟ ಓದಿ ಹೇಳಿದೆ. ಇಲ್ಲಿ ಯಾರೂ ಯಾರ ಮಾತಿಗೂ ಅಡ್ಡ ಬರುವುದಿಲ್ಲ. ಮೇಜಿನ ಸುತ್ತ ಒಬ್ಬೊಬ್ಬರಾಗಿ ತಮ್ಮ ಸರದಿ ಬಂದಾಗ ಹೇಳುತ್ತಾರೆ. ಎರಡು ಗಂಟೆ ಹಾಗೆ ಸುತ್ತಿ ಸುತ್ತಿ ಕೊನೆಗೆ ತೀರ್ಮಾನವಾಯಿತು: ಕರಾರಿಗೆ ಒಪ್ಪಿಗೆ, ಆದರೆ ಎರಡು ಷರತ್ತು. ತೋರಿಸುವ ಎರಡು ಮ್ಯಾಚಿನಲ್ಲಿ ಒಂದು ಹೆಂಗಸರದ್ದಾಗಿರಬೇಕು. ಕಂಪನಿ ಆರಿಸದ ಮ್ಯಾಚುಗಳನ್ನು ಕ್ಲಬ್ಬುಗಳು ತಾವೇ ತೋರಿಸಿಕೊಳ್ಳಬಹುದು. ಅಧ್ಯಕ್ಷರು ಮರದ ಸುತ್ತಿಗೆಯಿಂದ ಮೇಜಿಗೆ ಟಕ್ ಎಂದು ಕುಟ್ಟಿದರು. ಮುಗಿಯಿತು ಎಂದುಕೊಂಡೆ. ರೈಲಿನಲ್ಲಿ ಬರುವಾಗ ಉಳಿದಿದ್ದ ಎರಡು ಬನ್ನು ತಿಂದೆ.

ಬುಧವಾರ ಬೆಳಿಗ್ಗೆ ಲ್ಯಾಬಿಗೆ ಹೋಗುವ ರೈಲಿನಲ್ಲಿ ನಿಂತಿದ್ದಾಗ ಫೋನಿಗೆ ನಡಾವಳಿ ಬಂತು. ಇಲ್ಲಿ ಸಹಿಯನ್ನೂ ಫೋನಿನಲ್ಲೇ ಹಾಕಬಹುದು. ಒಂದು ಕೈಯಲ್ಲಿ ಕಂಬ ಹಿಡಿದುಕೊಂಡು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಕೊನೆಯ ಪುಟಕ್ಕೆ ಹೋಗಿ ಸಹಿ ಹಾಕಿಬಿಟ್ಟೆ.

ಹೌದು, ಓದದೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. ಆದರೆ ನಮ್ಮ ಕಡೆ ಸಮಿತಿಗಳಲ್ಲಿ ಕೂತವರಿಗೆ ನನ್ನ ತಪ್ಪು ತಟ್ಟನೆ ಅರ್ಥವಾದೀತು. ನಮ್ಮಲ್ಲಿ ನಡಾವಳಿ ಪುಸ್ತಕ ಬಂದರೆ ಬೆರಳು ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತೇವೆ. ಅದು ಸಭೆಗೆ ಹೋಗಿದ್ದೆ ಎನ್ನುವುದಕ್ಕೆ, ಖಾರಾ-ಬಿಸ್ಕತ್ತು ತಿಂದೆ ಎನ್ನುವುದಕ್ಕೆ. ಒಳಗೇನು ಬರೆದಿದೆ ಎಂದು ಪುಟ ತಿರುವಿದರೆ ಬರೆದವರ ಮೇಲೆ ಅನುಮಾನ ಪಟ್ಟ ಹಾಗೆ. ಕರಾರು ಬೇರೆಯವರ ಪತ್ರ, ಅದನ್ನು ಓದಬೇಕು. ನಡಾವಳಿ ನಮ್ಮವರದೇ, ಅದಕ್ಕೆ ಸಹಿ ಮರ್ಯಾದೆ. ಈ ಭೇದ ನನ್ನ ರಕ್ತದಲ್ಲಿದೆ ಎನ್ನುವುದು ನನಗೇ ಗೊತ್ತಿರಲಿಲ್ಲ.

ಅಂದು ಸಂಜೆ ಪ್ರಾಕ್ಟೀಸಿಗೆ ನಮ್ಮ ಕ್ಲಬ್ಬಿನ ಹಿರಿಯ ಸದಸ್ಯೆ ಎಂದಿನಂತೆ ಥರ್ಮಾಸ್ ಹಿಡಿದು ಬಂದಿದ್ದರು. ನಿವೃತ್ತ ಗಣಿತ ಟೀಚರ್, ಅರ್ಧ ಜೀವಮಾನ ಸಂಘಗಳಲ್ಲೇ ಕಳೆದವರು. “ಷರತ್ತುಗಳನ್ನು ಹೇಗೆ ಬರೆದಿದ್ದಾರೆ?” ಎಂದು ಕೇಳಿದರು.

“ನಾನು ಆಗಲೇ ಸಹಿ ಹಾಕಿ ಕಳಿಸಿದೆ” ಎಂದೆ, ಚುರುಕಿನ ಹೆಮ್ಮೆಯಿಂದ.

“ಸರಿ. ಹೇಗೆ ಬರೆದಿದ್ದಾರೆ?”

ನಾನು ಫೋನ್ ತೆಗೆದೆ. ಷರತ್ತು ಇರಲಿಲ್ಲ. ‘ಸಭೆಯು ಕರಾರಿಗೆ ಒಪ್ಪಿಗೆ ನೀಡಿತು. ಹೆಂಗಸರ ಮತ್ತು ಗಂಡಸರ ಪಂದ್ಯಗಳ ನಡುವೆ ಸಮತೋಲನಕ್ಕಾಗಿ ಮಂಡಳಿಯು ಪ್ರಯತ್ನಿಸುವುದು’ ಎಂದು ಮಾತ್ರ ಇತ್ತು. ಪ್ರಯತ್ನಿಸುವುದು! ಎರಡು ಗಂಟೆಯ ಸುತ್ತು, ನನ್ನ ಅಷ್ಟೂ ಸಿಟ್ಟು, ಸುತ್ತಿಗೆಯ ಟಕ್ ಎಲ್ಲ ಸೇರಿ ಒಂದು ‘ಪ್ರಯತ್ನಿಸುವುದು’ ಆಗಿತ್ತು. ಅದರ ಕೆಳಗೆ, ಸಭೆಯಲ್ಲಿ ನಡೆದದ್ದು ಇದೇ ಎಂದು ಸಾಕ್ಷಿ ಹೇಳುವ ಹೆಸರು ನನ್ನದು. ಮರದ ನೆರಳಿನಲ್ಲಿ ಕೂತವನು ಟವೆಲ್ ಹೊದಿಸಿದ್ದ. ಈ ಸಲ ನಾನೇ ಹೊದಿಸಿದ್ದೆ.

ಟೀಚರ್ ಬೈಯಲಿಲ್ಲ. ಈ ದೇಶದಲ್ಲಿ ಬೈಯದೆ ಇರುವುದೇ ಬೈಗುಳ. ಕಾಫಿ ಬಗ್ಗಿಸಿಕೊಟ್ಟು, “ಇನ್ನೊಬ್ಬರ ಸಹಿ ಬಿದ್ದಿದೆಯೇ?” ಎಂದರು. ಬಿದ್ದಿರಲಿಲ್ಲ. “ಹಾಗಾದರೆ ಅದು ಇನ್ನೂ ಬರೀ ಕಾಗದ. ಇಬ್ಬರ ಸಹಿಯೂ ಬೇಕು. ನಿನ್ನದನ್ನು ಇವತ್ತೇ ವಾಪಸ್ ತೆಗೆದುಕೊಂಡೆ ಎಂದು ಬರೆ. ಆಮೇಲೆ ಆ ಮನುಷ್ಯನನ್ನು ಹುಡುಕು.”

ಮನೆಗೆ ಬಂದು ಅಧ್ಯಕ್ಷರಿಗೆ ಬರೆದೆ. ತಪ್ಪು ನನ್ನದು, ಓದದೆ ಸಹಿ ಹಾಕಿದೆ, ಇದು ಸಭೆಯ ತೀರ್ಮಾನವಲ್ಲ, ಸಹಿ ವಾಪಸ್. ಅವರು ಅರ್ಧ ಗಂಟೆಯಲ್ಲೇ ಬಹಳ ಸೌಜನ್ಯದಿಂದ ಉತ್ತರಿಸಿದರು: ಇದು ಪದಗಳ ವಿಷಯ ಅಷ್ಟೇ, ಶುಕ್ರವಾರ ಮಧ್ಯಾಹ್ನದೊಳಗೆ ನಡಾವಳಿ ಕಂಪನಿಗೆ ತಲುಪಬೇಕು, ಇನ್ನೊಬ್ಬ ಯುಸ್ಟೆರಾರೆಯ ಅಭಿಪ್ರಾಯ ಕೇಳೋಣ. ಗಂಡ ತಟ್ಟೆಗೆ ಚಿತ್ರಾನ್ನ ಹಾಕುತ್ತಾ, “ಊರಿಗೆಲ್ಲ ಓದಿ ಓದಿ ಅಂತ ಪಾಠ ಹೇಳ್ತೀಯ. ನನ್ ಆಫರ್ ಲೆಟರ್‌ನಲ್ಲಿ ಕಾಮಾ ಮಿಸ್ಸಾಗಿದ್ದು ಕಂಡುಹಿಡಿದೋಳು ನೀನು” ಎಂದ. ನಾನು ಹಾಗೇ ಒಂದು ಸಲ ನೋಡಿದೆ. “ಸರಿ ಸರಿ, ಉಪ್ಪಿನಕಾಯಿ ಬೇಕಾ?” ಎಂದ.

ಆ ಇನ್ನೊಬ್ಬ ಮನುಷ್ಯನ ಮೇಲೆ ನನಗೆ ಯಾವ ಭರವಸೆಯೂ ಇರಲಿಲ್ಲ. ಅವರ ಗಂಡಸರ ಟೀಮು ಲೀಗಿನ ಹುಲಿ. ಕಂಪನಿ ತನ್ನ ಇಷ್ಟಕ್ಕೆ ಆರಿಸಿಕೊಂಡರೆ ವಾರ ವಾರವೂ ಟೀವಿಯಲ್ಲಿ ಬರುವುದು ಅವರೇ. ಒಂದು ಹೆಬ್ಬೆರಳು ಒತ್ತಿದರೆ ಸಾಕಿತ್ತು. ಫೋನ್ ಮಾಡಿದೆ, ಎತ್ತಲಿಲ್ಲ. ಅವರ ಕ್ಲಬ್ಬಿಗೆ ಮಾಡಿದೆ. ‘ಈ ವಾರ ಸಿಗುವುದಿಲ್ಲ, ಎಲ್ಕ್ ಬೇಟೆ ಶುರುವಾಗಿದೆ’ ಎಂದರು. ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಪ್ಪ, ಆನೆಯ ಎತ್ತರಕ್ಕೆ ಸ್ವಲ್ಪ ಕಡಿಮೆ. ಸೆಪ್ಟೆಂಬರಿನಲ್ಲಿ ಉತ್ತರದ ಊರುಗಳವರು ರಜೆ ಹಾಕಿ ಕಾಡಿಗೆ ಹೋಗುತ್ತಾರೆ. ಆ ವಾರ ಅಲ್ಲಿ ಯಾರನ್ನಾದರೂ ಕೆಲಸಕ್ಕೆ ಕರೆಯುವುದೂ ನಮ್ಮೂರಿನಲ್ಲಿ ದೀಪಾವಳಿಯ ದಿನ ಮೀಟಿಂಗ್ ಇಡುವುದೂ ಒಂದೇ.

ಮೆಸೇಜ್ ಹಾಕಿದೆ. ಗುರುವಾರ ಮಧ್ಯಾಹ್ನ ಎರಡಕ್ಕೆ ಫೋನ್ ಬಂತು. ಕಾಡಿನಲ್ಲಿ ಕಾಫಿ ವಿರಾಮವಂತೆ. ನಾನು ಕೈಗವಸು ಕಿತ್ತೆಸೆದು ಕಾರಿಡಾರಿಗೆ ಓಡಿದೆ.

“ನಡಾವಳಿ ಓದಿದಿರಾ?” ಎಂದೆ.

“ಓದಿದೆ.”

ಅಷ್ಟೇ. ನಾನು ಮಾತಾಡತೊಡಗಿದೆ. ಸಭೆಯ ವಿಷಯ ಹೇಳಿದೆ, ನನ್ನ ಸಹಿಯ ವಿಷಯ ಹೇಳಿದೆ. ಹೇಳಬೇಕೆಂದು ಅಂದುಕೊಂಡಿರಲಿಲ್ಲ, ಆದರೆ ಆ ಮಧ್ಯಾಹ್ನದ ಫೈನಲ್ಲಿನ ವಿಷಯವನ್ನೂ ಹೇಳಿಬಿಟ್ಟೆ. ಹೊಂಗೆ ಮರಕ್ಕೆ ಸ್ವೀಡಿಷಿನಲ್ಲಿ ಏನೆನ್ನುತ್ತಾರೋ ಗೊತ್ತಿಲ್ಲದೆ ಬರೀ ಮರ ಎಂದೆ. ಎಲ್ಲ ಹೇಳಿ ಮುಗಿಸಿ, “ಇದ್ದೀರಾ?” ಎಂದೆ.

“ಇದ್ದೇನೆ. ಸಭೆಯಲ್ಲಿ ನಡೆದದ್ದನ್ನು ನಾನು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ಪುಸ್ತಕ ಮನೆಯಲ್ಲಿದೆ. ನೋಡದೆ ಏನೂ ಹೇಳಲಾರೆ.”

“ಮನೆಗೆ ಯಾವಾಗ ಹೋಗುತ್ತೀರಿ?”

“ಎಲ್ಕ್ ಸಿಕ್ಕ ಮೇಲೆ.”

ಫೋನ್ ಇಟ್ಟರು. ನಾನು ಹುಟ್ಟಾ ಸಸ್ಯಾಹಾರಿ, ಮೊಟ್ಟೆ ಹಾಕಿದೆಯೋ ಎಂದು ಕೇಕನ್ನೂ ಮೂಸಿ ನೋಡಿ ತಿನ್ನುವ ಮನೆತನದವಳು. ಅಂಥವಳು ಅಂದು ಲ್ಯಾಬಿನ ಕಾರಿಡಾರಿನಲ್ಲಿ ನಿಂತು, ಭಗವಂತ, ಸಂಜೆಯೊಳಗೆ ಆ ಪುಣ್ಯಾತ್ಮನಿಗೆ ಒಂದು ಎಲ್ಕ್ ಸಿಗಲಿ ಎಂದು ಕೈ ಮುಗಿದೆ. ಕ್ಯಾಪ್ಟನ್‌ಗೆ ಹೇಳಿದಾಗ ಅವಳು, “ಅಕ್ಕ, ಪಾಪ ಆ ಎಲ್ಕ್!” ಎಂದಳು. “ನಿಮ್ಮಮ್ಮ ಮ್ಯಾಚ್ ನೋಡ್ಬೇಕಾ ಬೇಡ್ವಾ?” ಎಂದೆ. ಅವಳೂ ಕೈ ಮುಗಿದಳು.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅಧ್ಯಕ್ಷರು ಎಂಟೂ ಕ್ಲಬ್ಬಿನವರನ್ನು ವೀಡಿಯೊ ಕಾಲಿಗೆ ಕರೆದರು. ನಾನು ರಾತ್ರಿಯೇ ಭಾಷಣ ಬರೆದಿಟ್ಟುಕೊಂಡಿದ್ದೆ, ಎರಡು ಪುಟ, ಒಳ್ಳೆಯ ಖಾರ ಹಾಕಿ. ಏಳು ಮುಖ ಕಂಡವು, ಎಂಟನೆಯ ಚೌಕ ಖಾಲಿ. ಎಂಟೂ ಐದಕ್ಕೆ ಅಲ್ಲಿ ಚೌಕಳಿ ಅಂಗಿ ಕಾಣಿಸಿತು. ಹಿಂದೆ ಅಡುಗೆ ಮನೆಯ ಕಿಟಕಿ. ಅಂದರೆ ಮನೆಯಲ್ಲಿದ್ದರು. ಅಂದರೆ ಎಲ್ಕ್ ಸಿಕ್ಕಿತ್ತು!

ಅಧ್ಯಕ್ಷರು ಪೀಠಿಕೆ ಹಾಕಿದರು. ಸಣ್ಣ ಪದವ್ಯತ್ಯಾಸ, ಆಶಯ ಒಂದೇ, ಇತ್ಯಾದಿ. ಅವರು ಮುಗಿಸುವ ತನಕ ಕಾದು, ಉತ್ತರದ ಕೋಚ್ ಒಂದು ಪುಟ್ಟ ನೋಟ್‌ಬುಕ್ ತೆರೆದರು, ಕನ್ನಡಕ ಏರಿಸಿಕೊಂಡರು, ಪೆನ್ಸಿಲಿನಲ್ಲಿ ಬರೆದದ್ದನ್ನು ಓದಿದರು. ವಾರಕ್ಕೆ ಎರಡು ಪಂದ್ಯ, ಅದರಲ್ಲಿ ಒಂದು ಹೆಂಗಸರದ್ದು. ಆರಿಸದ ಪಂದ್ಯಗಳು ಕ್ಲಬ್ಬುಗಳಿಗೆ. ಇದು ಷರತ್ತು. ಹನ್ನೆರಡೂ ನಲವತ್ತಕ್ಕೆ ಸುತ್ತಿಗೆ. ಕನ್ನಡಕ ತೆಗೆದು, “ನಡೆದದ್ದು ಇದು. ಅಲ್ಲಿ ಬರೆದಿರುವುದು ನಡೆಯಲಿಲ್ಲ. ನಾನು ಸಹಿ ಹಾಕುವುದಿಲ್ಲ” ಎಂದರು.

ಅಧ್ಯಕ್ಷರ ಕಿವಿಗಳು ಕೆಂಪಾದವು. ನಾನು ಭಾಷಣದ ಮೊದಲ ಪುಟ ಎತ್ತಿದೆ. ಅಷ್ಟರಲ್ಲಿ ಅವರೇ ಹೇಳಿದರು: “ನನಗೆ ಭಯವಾಯಿತು. ಷರತ್ತು ಹಾಕಿದರೆ ಅವರು ಎದ್ದು ಹೋಗುತ್ತಾರೆ ಅನಿಸಿತು. ಇಷ್ಟು ವರ್ಷದಲ್ಲಿ ನಮ್ಮನ್ನು ಕೇಳಿಕೊಂಡು ಬಂದವರು ಇವರೊಬ್ಬರೇ. ಅದಕ್ಕೆ ಸ್ವಲ್ಪ ಮೆತ್ತಗೆ ಬರೆಸಿದೆ. ಬರೆಸಬಾರದಿತ್ತು.”

ನನ್ನ ಎರಡು ಪುಟದ ಖಾರವೆಲ್ಲ ವ್ಯರ್ಥವಾಯಿತು. ತಪ್ಪನ್ನು ಹೀಗೆ ನೇರವಾಗಿ ಒಪ್ಪಿಕೊಂಡವರ ಮೇಲೆ ಹೇಗೆ ಕೂಗಾಡುವುದು? ನಾನೂ ಓದದೆ ಸಹಿ ಹಾಕಿದವಳೇ ಅಲ್ಲವೆ. ಮತ್ತೆ ಸುತ್ತು ಬಂತು, ಒಬ್ಬೊಬ್ಬರೂ ನೋಟ್‌ಬುಕ್ಕಿನಲ್ಲಿದ್ದದ್ದೇ ಸರಿ ಎಂದರು. ಅಧ್ಯಕ್ಷರು ನಮ್ಮೆದುರೇ ಹೊಸದಾಗಿ ಟೈಪು ಮಾಡಿ, ಗಟ್ಟಿಯಾಗಿ ಓದಿದರು. ನಾನು ಮೂರು ಸಲ ಓದಿದೆ. ಮೂರನೆಯ ಸಲ ಎಲ್ಲರೂ ಕಾಯುತ್ತಿದ್ದರು, ಕಾಯಲಿ ಎಂದು ಓದಿದೆ. ಆಮೇಲೆ ಸಹಿ ಹಾಕಿದೆ. ಉತ್ತರದ ಕೋಚೂ ಹಾಕಿದರು.

ಕಂಪನಿಯ ಉತ್ತರ ಊಟದ ಹೊತ್ತಿಗೆ ಬಂತು. ಒಂದೇ ಸಾಲು. ಶನಿವಾರಕ್ಕೊಂದು ಭಾನುವಾರಕ್ಕೊಂದು ಮ್ಯಾಚು ಹೇಗೂ ಬೇಕಿತ್ತು, ಒಂದು ಹೆಂಗಸರದ್ದಾದರೆ ಅವರಿಗೂ ಒಳ್ಳೆಯದೇ, ಉಳಿದವನ್ನು ಕ್ಲಬ್ಬುಗಳು ತೋರಿಸಿಕೊಳ್ಳಲಿ ಎಂದು. ಕೇಳಿದ್ದರೆ ಮೊದಲ ದಿನವೇ ಕೊಡುತ್ತಿದ್ದರು! ನಾನು ಲ್ಯಾಬಿನ ಊಟದ ಕೋಣೆಯಲ್ಲಿ ಟಿಫಿನ್ ಡಬ್ಬಿ ಬಡಿದು ಕುಣಿದೆ. ಸಹೋದ್ಯೋಗಿಗಳು ನನ್ನ ಪೇಪರ್ ಯಾವುದೋ ದೊಡ್ಡ ಜರ್ನಲ್ಲಿಗೆ ಸ್ವೀಕಾರವಾಯಿತು ಎಂದುಕೊಂಡರು. ಅದಕ್ಕಿಂತ ದೊಡ್ಡದು ಎಂದೆ.

ಉತ್ತರದ ಕೋಚಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದೆ. “ನಿಮ್ಮ ಟೀಮಿಗೆ ನಷ್ಟವಲ್ಲವೆ?” ಎಂದೂ ಕೇಳಿದೆ. “ಸಭೆಯಲ್ಲಿ ನಡೆದದ್ದು ನಡೆದದ್ದೇ” ಎಂದರು. ಆಮೇಲೆ, ಈ ಸಲದ ಎಲ್ಕ್ ದೊಡ್ಡದಿತ್ತು, ಬೇಕಾದರೆ ಮಾಂಸ ಕಳಿಸುತ್ತೇನೆ ಎಂದರು. ನನ್ನ ಹರಕೆಯ ಪ್ರಸಾದ! ಬೇಡ ಎಂದು ಹೇಳಲು ನಾನು ಪಟ್ಟ ಪಾಡು ದೇವರಿಗೇ ಪ್ರೀತಿ.

ನವೆಂಬರಿನ ಒಂದು ಶನಿವಾರ ನಮ್ಮ ಹಾಲಿಗೆ ಕ್ಯಾಮೆರಾ ಬಂತು. ಎದುರಾಳಿಗಳು ಅದೇ ಉತ್ತರದ ಊರಿನವರು. ಅವರ ಗಂಡಸರ ಟೀಮಿನ ಮ್ಯಾಚು ಅದೇ ಹಾಲಿನಲ್ಲಿ ಹನ್ನೆರಡಕ್ಕೆ ಮುಗಿದಿತ್ತು, ಅದು ಮರದ ಏಣಿಗೆ ಕಟ್ಟಿದ ಫೋನಿನಲ್ಲಿ ಹೋಯಿತು. ನಮ್ಮದು ಎರಡಕ್ಕೆ, ಟೀವಿಯಲ್ಲಿ. ಇದನ್ನು ಯಾರೂ ಬೇಕೆಂದು ಹಾಗೆ ಇಟ್ಟದ್ದಲ್ಲ, ಜಿಮ್ ಹಾಲ್ ಖಾಲಿ ಸಿಕ್ಕ ಹೊತ್ತು ಹಾಗಿತ್ತು. ಆದರೂ ನನಗೆ ಆದ ಸಂತೋಷವನ್ನು ನಾನೇಕೆ ಮುಚ್ಚಿಡಲಿ. ಚೌಕಳಿ ಅಂಗಿಯ ಕೋಚ್ ತಮ್ಮ ಹುಡುಗರೊಂದಿಗೆ ಮೇಲಿನ ಬೆಂಚಿನಲ್ಲಿ ಕೂತು ಸ್ಯಾಂಡ್‌ವಿಚ್ ಬಿಚ್ಚುತ್ತಿದ್ದರು.

ಕ್ಯಾಮೆರಾದವಳು ಚಿಕ್ಕ ವಯಸ್ಸಿನ ಹೆಂಗಸು. ಒಂದು ಹಾಳೆ ಹಿಡಿದು ನನ್ನ ಬಳಿ ಬಂದಳು. “ಟೀಮಿನ ಲಿಸ್ಟು. ಪರದೆಯ ಮೇಲೆ ಹೆಸರು ಬರುತ್ತದೆ. ಸರಿಯಾಗಿದೆಯೇ ನೋಡಿ ಸಹಿ ಹಾಕಿ.” ನಾನು ಓದಿದೆ. ಒಂದೊಂದೇ ಹೆಸರು, ಒಂದೊಂದೇ ಅಕ್ಷರ. ನೆಟ್ಟಿನ ಬಳಿಯಿಂದ ಕ್ಯಾಪ್ಟನ್, “ಅಕ್ಕ, ಎಲ್ರೂ ಕಾಯ್ತಿದಾರೆ” ಎಂದಳು.

“ಕಾಯ್ಲಿ.”

ಲಿಸ್ಟಿನಲ್ಲಿ ಎಲ್ಲರೂ ಇದ್ದರು. ಕೊನೆಯಲ್ಲಿ ಕೋಚ್ ಎಂದು ನಾನೂ ಇದ್ದೆ. ಸಹಿ ಹಾಕಿದೆ. ಅವಳು ಕ್ಯಾಮೆರಾದ ಮುಚ್ಚಳ ತೆಗೆದಳು.

ಆ ಮ್ಯಾಚೂ ಐದು ಸೆಟ್ಟಿಗೆ ಹೋಯಿತು. ಕೊನೆಯ ಸೆಟ್ಟಿನಲ್ಲಿ ನಾವು ಹಿಂದಿದ್ದೆವು, ಸಮ ಮಾಡಿಕೊಂಡೆವು, ಒಂದು ಪಾಯಿಂಟು ಮುಂದೆ ಹೋದೆವು. ನಮ್ಮ ಲಿಫ್ಟರ್ ಹಿಂದಕ್ಕೆ ಬೀಳುತ್ತಲೇ ಎತ್ತಿದ ಬಾಲನ್ನು ಕ್ಯಾಪ್ಟನ್ ಗೆರೆಯ ಮೇಲೆ ಹೊಡೆದಳು. ನಾನು ಯಾವ ಭಾಷೆಯಲ್ಲಿ ಕಿರುಚಿದೆನೋ ನೆನಪಿಲ್ಲ. ಹುಡುಗಿಯರೆಲ್ಲ ನೆಲದ ಮೇಲೆ ಒಂದೇ ರಾಶಿ. ಮೇಲಿನ ಬೆಂಚಿನಲ್ಲಿ ಉತ್ತರದ ಕೋಚ್, ತಮ್ಮೂರಿನ ಟೀಮು ಸೋತಿದ್ದರೂ, ಎದ್ದು ನಿಂತು ನಿಧಾನವಾಗಿ ಚಪ್ಪಾಳೆ ತಟ್ಟುತ್ತಿದ್ದರು. ಮಂಡ್ಯದಿಂದ ಕ್ಯಾಪ್ಟನ್ನಿನ ಅಮ್ಮನ ವಾಯ್ಸ್ ಮೆಸೇಜು ಆಗಲೇ ಬಂದಿತ್ತು: “ಟೀವೀಲಿ ಚೆಂದಾಗೇನೋ ಕಾಣ್ತದೆ ಕನವ್ವ. ಆದ್ರೆ ಕಾಮೆಂಟ್ರಿ ಹೇಳೋ ಆವಮ್ಮ ಏನ್ ಮಾತಾಡ್ತದೋ ಒಂದೂ ತಿಳೀನಿಲ್ಲ. ನಿಮ್ಮಕ್ಕಂಗೆ ಮೈಕ್ ಕೊಡಕ್ಕೇಳು.”

ನನ್ನ ಫೋನೂ ರಿಂಗಾಯಿತು. ಆ ಹೊಂಗೆ ಮರದ ಮಧ್ಯಾಹ್ನ ನಾನು ಎತ್ತಿಕೊಟ್ಟ ಕೊನೆಯ ಬಾಲನ್ನು ಹೊಡೆದವಳು. ಈಗ ದಾವಣಗೆರೆಯ ಹತ್ತಿರದ ಒಂದು ವಸತಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಮ್ಯಾಚಿನ ಲಿಂಕ್ ಕಳಿಸಿದ್ದೆ, ಅವಳು ಪ್ರಾಕ್ಟೀಸ್ ಮುಗಿದ ಮೇಲೆ ತನ್ನ ವಾಲಿಬಾಲ್ ಹುಡುಗಿಯರನ್ನು ಸ್ಕೂಲಿನ ದೊಡ್ಡ ಟೀವಿಯ ಮುಂದೆ ಕೂರಿಸಿಕೊಂಡಿದ್ದಳು. ಹಿಂದೆ ಗಲಾಟೆಯೋ ಗಲಾಟೆ.

“ಲೇ, ಕಂಡೆ ಕಣೇ ನೀನು! ಹಂಗೇ ಕಿರುಚ್ತೀಯ ಇನ್ನೂ!” ಎಂದಳು. ಆಮೇಲೆ ದನಿ ತಗ್ಗಿಸಿ, “ಒಂದು ಹುಡ್ಗಿ ಕೇಳ್ತು, ಮಿಸ್, ನೀವೂ ಫೈನಲ್ ಆಡಿದ್ರಂತಲ್ಲ, ನಿಮ್ ಮ್ಯಾಚು ಟೀವೀಲಿ ಯಾವಾಗ ಬಂದಿತ್ತು ಅಂತ.”

“ಏನಂದೆ?”

“ಇವತ್ತು ಬಂತು ನೋಡು ಅಂದೆ.”

ನಾನು ಮರದ ಏಣಿಗೆ ಒರಗಿ, ನಲವತ್ತು ದಾಟಿದವಳು, ಕೋಚು, ಡಾಕ್ಟರೇಟು, ಯಾವುದೂ ಲೆಕ್ಕಕ್ಕಿಲ್ಲದೆ ಗೊಳೋ ಎಂದು ಅತ್ತೆ. ಅವಳೂ ಅತ್ತಳು, ಇಬ್ಬರೂ ಫೋನ್ ಹಿಡಿದುಕೊಂಡೇ ಇದ್ದೆವು. ಪ್ರಸಾರ ನಮ್ಮ ಹಾಲಿನಿಂದ ಅವಳ ಸ್ಕೂಲಿಗೆ ತಲುಪಲು ಅರ್ಧ ನಿಮಿಷ ತಡ. ಅರ್ಧ ನಿಮಿಷವಾದ ಮೇಲೆ ಅವಳ ಕಡೆ ಹುಡುಗಿಯರೆಲ್ಲ ಒಟ್ಟಿಗೆ ಹೋ ಎಂದರು. ಅವಳು ಮೂಗೊರೆಸಿಕೊಂಡು ನಕ್ಕಳು.

“ಕಣ್ಣೊರೆಸ್ಕೊಳ್ಳೇ ಮಾರಾಯ್ತಿ. ಅಳೋದೂ ಟೀವೀಲಿ ಬರ್ತಿದೆ.”